ಚಲನಸಂವೇದಿ ಆಟದ ನಿಯಂತ್ರಕಗಳ ಬ್ಲೂಟೂತ್ ಜೋಡಣೆ

ಚಲನಸಂವೇದಿ ಆಟದ ನಿಯಂತ್ರಕಗಳ ಬ್ಲೂಟೂತ್ ಜೋಡಣೆ ಎಂದರೆ ಕೈಯ ಅಲುಗಾಟ, ಓರೆ ಹಾಗೂ ತಿರುಗುವಿಕೆಗಳನ್ನು ಗ್ರಹಿಸುವ ಆಟದ ಕಂಟ್ರೋಲರ್‌ಗಳನ್ನು ತಂತಿಯಿಲ್ಲದೆ ಗಣಕಯಂತ್ರಕ್ಕೆ ಹೊಂದಿಸುವ ಕ್ರಮ. ನಿಂಟೆಂಡೊ ಸಂಸ್ಥೆಯ ವೀ ರಿಮೋಟ್ (2006), ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಮೂವ್ (2010) ಮತ್ತು ಡ್ಯುಯಲ್‌ಶಾಕ್ 4 (2013), ನಿಂಟೆಂಡೊ ಸ್ವಿಚ್‌ನ ಜಾಯ್-ಕಾನ್ (2017) ಈ ವರ್ಗದ ಪರಿಚಿತ ಸಾಧನಗಳು. ಇವೆಲ್ಲವೂ ತಮ್ಮ ತಮ್ಮ ಆಟದ ಯಂತ್ರಗಳಿಗಾಗಿ ತಯಾರಾದವು, ಗಣಕಕ್ಕಾಗಿ ಅಲ್ಲ. ಜೋಡಣೆಯ ಹೆಚ್ಚಿನ ತೊಂದರೆಗಳು ಹುಟ್ಟುವುದು ಇಲ್ಲಿಂದಲೇ. ಸಂಪರ್ಕ ಸಿಗದಿದ್ದಾಗ ಸಾಧನವೇ ಹಾಳಾಗಿದೆಯೆಂದು ಭಾವಿಸುವುದು ವಾಡಿಕೆ. ಆದರೆ ಅನೇಕ ಸಂದರ್ಭಗಳಲ್ಲಿ ಕೆಟ್ಟಿರುವುದು ಎರಡು ಯಂತ್ರಗಳ ನಡುವಣ ಪರಿಚಯ ಮಾತ್ರ.

ಹಿನ್ನೆಲೆ

ಬ್ಲೂಟೂತ್ ತಂತ್ರಜ್ಞಾನದ ಕೆಲಸ 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ಆರಂಭವಾಯಿತು. 1998ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್ ಮತ್ತು ತೋಷಿಬಾ ಸೇರಿ ಇದರ ಮಾನಕ ಮಂಡಳಿಯನ್ನು ರಚಿಸಿದವು. ಭಾರತದಲ್ಲಿ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗಾಗಿ 2005ರ ನಿಯಮಗಳು ಪರವಾನಗಿಯಿಂದ ಮುಕ್ತಗೊಳಿಸಿದವು. ಇಂದು ಮನೆಯಲ್ಲಿ ಯಾರೂ ಅನುಮತಿ ಕೇಳದೆ ಬ್ಲೂಟೂತ್ ಬಳಸುವುದು ಈ ಏರ್ಪಾಟಿನಿಂದ. ಬೆಂಗಳೂರು ಈ ತಂತ್ರಜ್ಞಾನದ ಬಳಕೆದಾರ ನಗರವಷ್ಟೇ ಅಲ್ಲ: ಇಲ್ಲಿನ ಮೈಂಡ್‌ಟ್ರೀ ಸಂಸ್ಥೆ ಈಥರ್‌ಮೈಂಡ್ ಎಂಬ ಬ್ಲೂಟೂತ್ ತಂತ್ರಾಂಶವನ್ನು ರೂಪಿಸಿ ಇತರ ತಯಾರಕರಿಗೆ ಒದಗಿಸಿತು; ಇಂಪಲ್ಸ್‌ಸಾಫ್ಟ್ ಎಂಬ ಮತ್ತೊಂದು ಬೆಂಗಳೂರಿನ ಸಂಸ್ಥೆ ಬ್ಲೂಟೂತ್ ಧ್ವನಿಸಾಧನಗಳ ಮೇಲೆ ಕೆಲಸ ಮಾಡಿತು.

ಜೋಡಣೆ ಮತ್ತು ಸಂಪರ್ಕ

ಇವೆರಡೂ ಒಂದೇ ಎಂಬ ತಿಳುವಳಿಕೆ ತಪ್ಪು. ಜೋಡಣೆಯೆಂಬುದು ಮಗುವನ್ನು ಶಾಲೆಗೆ ಸೇರಿಸಿದಂತೆ. ಅದು ಒಮ್ಮೆ ನಡೆಯುವ ಕ್ರಿಯೆ. ಸಂಪರ್ಕವೆಂಬುದು ದಿನದಿನದ ಹಾಜರಿ. ಜೋಡಣೆಯ ವೇಳೆ ಎರಡೂ ಸಾಧನಗಳು ಪರಸ್ಪರರ ವಿಳಾಸವನ್ನು ಅರಿತು, ಸಾಮಾನ್ಯವಾಗಿ ಒಂದು ಗುಪ್ತ ಕೀಲಿಯನ್ನು ನಿರ್ಮಿಸಿ ತಮ್ಮ ತಮ್ಮ ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ. ಮುಂದಿನ ಸಲ ಗುಂಡಿ ಒತ್ತಿದೊಡನೆ ಅದೇ ಕೀಲಿಯಿಂದ ಸಂಪರ್ಕ ಏರ್ಪಡುತ್ತದೆ.

ಒಂದು ಕಡೆಯ ದಾಖಲೆ ಅಳಿಸಿಹೋಗಿ ಇನ್ನೊಂದು ಕಡೆ ಉಳಿದರೆ ತೊಡಕು ಉಂಟಾಗುತ್ತದೆ. ಗಣಕದ ಪಟ್ಟಿಯಲ್ಲಿ ನಿಯಂತ್ರಕದ ಹೆಸರು ಇರುತ್ತದೆ, 'ಜೋಡಿಸಲಾಗಿದೆ' ಎಂದೂ ಬರೆದಿರುತ್ತದೆ, ಆದರೆ ಸಂಪರ್ಕ ಮಾತ್ರ ಸಿಗುವುದಿಲ್ಲ. ಜಾಯ್-ಕಾನ್‌ನಲ್ಲಿ ಇದು ತೀರಾ ಸಾಮಾನ್ಯ. ಗಣಕಕ್ಕೆ ಜೋಡಿಸಿದ ಜಾಯ್-ಕಾನ್ ಅನ್ನು ಮತ್ತೆ ಸ್ವಿಚ್ ಯಂತ್ರದ ಪಕ್ಕಕ್ಕೆ ಸಿಕ್ಕಿಸಿದರೆ ಸಾಕು, ಅದು ಹಳೆಯ ಯಜಮಾನನ ಕಡೆಗೆ ಮರಳಿ ಗಣಕವನ್ನು ಮರೆಯುತ್ತದೆ. ಇಂಥಲ್ಲಿ ಮತ್ತೆ ಮತ್ತೆ ಸಂಪರ್ಕಕ್ಕೆ ಯತ್ನಿಸುವುದು ವ್ಯರ್ಥ. ಗಣಕದ ಪಟ್ಟಿಯಿಂದ ಹೆಸರನ್ನು ತೆಗೆದುಹಾಕಿ, ಸಮೀಪದಲ್ಲಿರುವ ಆಟದ ಯಂತ್ರವನ್ನು ಆರಿಸಿ, ಮೊದಲಿನಿಂದ ಜೋಡಿಸಬೇಕು.

ವೀ ರಿಮೋಟ್

ಅತಿ ಹೆಚ್ಚು ಗೊಂದಲ ಹುಟ್ಟಿಸಿದ ಸಾಧನ ಇದೇ. ಗುಪ್ತಸಂಖ್ಯೆಯನ್ನು ಬೆರಳಚ್ಚಿಸದೆ ಜೋಡಿಸುವ ಸರಳ ವಿಧಾನ ಬ್ಲೂಟೂತ್ ಮಾನಕಕ್ಕೆ ಸೇರಿದ್ದು 2007ರ 2.1ನೇ ಆವೃತ್ತಿಯಲ್ಲಿ, ವೀ ರಿಮೋಟ್ ಅದಕ್ಕಿಂತ ಮುಂಚಿನದು. ಆದ್ದರಿಂದ ಅದನ್ನು ಸೇರಿಸಹೊರಟಾಗ ಗಣಕವು ಗುಪ್ತಸಂಖ್ಯೆಯನ್ನು ಕೇಳುತ್ತದೆ. ಹಲವರು 0000 ಅಥವಾ 1234 ತುಂಬಿ ಸೋಲುತ್ತಾರೆ. ವಾಸ್ತವದಲ್ಲಿ ಇಲ್ಲಿನ ಗುಪ್ತಸಂಖ್ಯೆ ಆರು ಬೈಟ್‌ಗಳ ಬ್ಲೂಟೂತ್ ವಿಳಾಸವೇ, ಆದರೆ ಹಿಂದುಮುಂದಾಗಿ. ಬ್ಯಾಟರಿ ಮುಚ್ಚಳದ ಕೆಳಗಿನ ಕೆಂಪು ಗುಂಡಿಯನ್ನು ಒತ್ತಿದರೆ ಗಣಕದ ವಿಳಾಸ ಸಲ್ಲುತ್ತದೆ. 1 ಮತ್ತು 2ನೆಯ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ರಿಮೋಟ್‌ನ ಸ್ವಂತ ವಿಳಾಸ ಸಲ್ಲುತ್ತದೆ. ಈ ಬೈಟ್‌ಗಳಲ್ಲಿ ಹಲವು ಕೀಲಿಮಣೆಯ ಯಾವ ಅಕ್ಷರಕ್ಕೂ ಹೊಂದುವುದಿಲ್ಲವಾದ್ದರಿಂದ ಬೆರಳಚ್ಚಿಸುವ ಮಾತೇ ಇಲ್ಲ.

ವಿಂಡೋಸ್‌ನ ಹಳೆಯ ನಿಯಂತ್ರಣ ಫಲಕದ ಮೂಲಕ, ಗುಪ್ತಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟು ಮುಂದುವರಿಯುವುದು ರೂಢಿಯಲ್ಲಿರುವ ಉಪಾಯ. ಹೀಗೆ ಸೇರಿಸಿದಾಗ ಕೀಲಿ ಉಳಿಯುವುದಿಲ್ಲವಾದ್ದರಿಂದ ಪ್ರತಿ ಸಲವೂ ಹೆಸರನ್ನು ತೆಗೆದು ಮತ್ತೆ ಸೇರಿಸಬೇಕಾಗಬಹುದು. ಡಾಲ್ಫಿನ್ ಎಂಬ ಮುಕ್ತ ತಂತ್ರಾಂಶ ಈ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ 2011ರ 3.1ನೇ ತಿರುಳಿನಿಂದ ವೀ ರಿಮೋಟ್‌ಗೆ ಪ್ರತ್ಯೇಕ ಚಾಲಕವಿದೆ. ಗುಪ್ತಸಂಖ್ಯೆಯನ್ನು ಬ್ಲೂಜ್ ತಂತ್ರಾಂಶ ಒದಗಿಸುತ್ತದೆ. ಗುಂಡಿ ಒತ್ತಿದ ಮೇಲೆ ರಿಮೋಟ್ ಸುಮಾರು 20 ಸೆಕೆಂಡುಗಳ ಕಾಲ ಮಾತ್ರ ಹುಡುಕುವವರಿಗೆ ಗೋಚರಿಸುತ್ತದೆ. ಅಷ್ಟರಲ್ಲಿ ಮುಗಿಯದಿದ್ದರೆ ನಾಲ್ಕು ದೀಪಗಳೂ ಆರುತ್ತವೆ, ಹೊಸದಾಗಿ ಒತ್ತಬೇಕು.

ಸೋನಿ ನಿಯಂತ್ರಕಗಳು

ಪ್ಲೇಸ್ಟೇಷನ್ ಮೂವ್ ಅನ್ನು ಬ್ಲೂಟೂತ್ ಹುಡುಕಾಟದಲ್ಲಿ ಎಷ್ಟು ಹೊತ್ತು ಅರಸಿದರೂ ಪ್ರಯೋಜನವಿಲ್ಲ. ಅದನ್ನು ಮೊದಲು ಯುಎಸ್‌ಬಿ ತಂತಿಯಿಂದ ಗಣಕಕ್ಕೆ ಸೇರಿಸಬೇಕು. ಪಿಎಸ್ ಮೂವ್ ಎಪಿಐಯಂಥ ಮುಕ್ತ ತಂತ್ರಾಂಶ ಗಣಕದ ಬ್ಲೂಟೂತ್ ವಿಳಾಸವನ್ನು ಅದರೊಳಗೆ ಬರೆಯಬೇಕು. ಆಮೇಲೆ ತಂತಿ ಬಿಡಿಸಿ ಪಿಎಸ್ ಗುಂಡಿ ಒತ್ತಬೇಕು. ಮಾರುಕಟ್ಟೆಯ ಅಗ್ಗದ ತಂತಿಗಳಲ್ಲಿ ಕೆಲವು ವಿದ್ಯುತ್ತನ್ನು ಮಾತ್ರ ಸಾಗಿಸುತ್ತವೆ, ಮಾಹಿತಿಯನ್ನಲ್ಲ. ನಿಯಂತ್ರಕ ಚಾರ್ಜ್ ಆಗುತ್ತಿದ್ದರೂ ಗಣಕ ಅದನ್ನು ಗುರುತಿಸದಿದ್ದರೆ ಮೊದಲು ತಂತಿಯನ್ನು ಬದಲಿಸಿ ನೋಡುವುದು ಒಳಿತು. ಡ್ಯುಯಲ್‌ಶಾಕ್ 4ರಲ್ಲಿ ಇಷ್ಟು ತಾಪತ್ರಯವಿಲ್ಲ: ಶೇರ್ ಮತ್ತು ಪಿಎಸ್ ಗುಂಡಿಗಳನ್ನು ದೀಪ ವೇಗವಾಗಿ ಮಿನುಗುವವರೆಗೆ ಒಟ್ಟಿಗೆ ಒತ್ತಿಹಿಡಿದರೆ ಸಾಕು.

ಸುತ್ತಲಿನ ಪರಿಸರ

ಮೂಲ ಬ್ಲೂಟೂತ್ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ತಲಾ ಒಂದು ಮೆಗಾಹರ್ಟ್ಸ್‌ನ 79 ವಾಹಿನಿಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ವೈ-ಫೈ ಕೂಡ ಇದೇ ಪಟ್ಟಿಯ ನೆರೆಹೊರೆಯದು. ಅದರ ಒಂದೊಂದು ವಾಹಿನಿ ಸುಮಾರು 20 ಮೆಗಾಹರ್ಟ್ಸ್ ಆಕ್ರಮಿಸುತ್ತದೆ. ವೈಟ್‌ಫೀಲ್ಡ್‌ನ ಬಹುಮಹಡಿ ವಸತಿ ಸಮುಚ್ಚಯದಲ್ಲಿ ಪ್ರತಿ ಮನೆಯಲ್ಲೂ ಒಂದೊಂದು ರೌಟರ್ ಇರುವಾಗ 1, 6 ಮತ್ತು 11ನೆಯ ವೈ-ಫೈ ವಾಹಿನಿಗಳು ತುಂಬಿ, ಬ್ಲೂಟೂತ್‌ಗೆ ಉಳಿಯುವುದು ನಡುವಣ ಸಂದುಗಳಷ್ಟೇ. 2003ರ 1.2ನೇ ಆವೃತ್ತಿಯಿಂದ ಬ್ಲೂಟೂತ್ ಗದ್ದಲದ ವಾಹಿನಿಗಳನ್ನು ಬಿಟ್ಟು ಜಿಗಿಯಬಲ್ಲದು. ಆದರೂ ಚಲನೆಯ ಮಾಹಿತಿ ಎಡೆಬಿಡದೆ ಹರಿಯಬೇಕಾದ್ದರಿಂದ ಅಡಚಣೆ ಮೊದಲು ಕಾಣಿಸಿಕೊಳ್ಳುವುದು ಇಲ್ಲಿಯೇ: ಪರದೆಯ ಮೇಲಿನ ಕೈ ಎಳೆದೆಳೆದು ಚಲಿಸುತ್ತದೆ. ಮನೆಯ ವೈ-ಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ಸ್ವಂತ ರೌಟರ್‌ನ ಉಪಟಳವಾದರೂ ತಪ್ಪುತ್ತದೆ.

ಅಷ್ಟಾಗಿ ಗಮನಕ್ಕೆ ಬಾರದ ಮತ್ತೊಂದು ಕಾರಣ ಯುಎಸ್‌ಬಿ 3.0. ಅದರ ಕಿಂಡಿ ಹಾಗೂ ತಂತಿಗಳಿಂದ ಇದೇ ತರಂಗಪಟ್ಟಿಯಲ್ಲಿ ಗದ್ದಲ ಹೊಮ್ಮುವುದನ್ನು ಇಂಟೆಲ್ ಸಂಸ್ಥೆ 2012ರಲ್ಲಿ ವಿವರಿಸಿತು. ಹೊರಗಿನ ಡ್ರೈವ್‌ನ ಪಕ್ಕದಲ್ಲೇ ಸಿಕ್ಕಿಸಿದ ಬ್ಲೂಟೂತ್ ಡಾಂಗಲ್ ಕಿವುಡಾಗುವುದು ಇದರಿಂದ. ಒಂದು ಮೀಟರ್ ಉದ್ದದ ವಿಸ್ತರಣಾ ತಂತಿಯಿಂದ ಡಾಂಗಲ್ ಅನ್ನು ದೂರವಿರಿಸಿದರೆ ಪರಿಹಾರ ಸಿಗುತ್ತದೆ. ಪೀಣ್ಯದ ತಗಡಿನ ಶೆಡ್ಡುಗಳಂಥ ಕಡೆ ಲೋಹದ ಗೋಡೆ, ಕಪಾಟುಗಳು ತರಂಗವನ್ನು ತಡೆಯುತ್ತವೆ ಅಥವಾ ಪ್ರತಿಫಲಿಸುತ್ತವೆ. ಗಣಕದ ಲೋಹದ ಪೆಟ್ಟಿಗೆಯ ಹಿಂಬದಿಗಿಂತ ಮುಂಬದಿಯ ಕಿಂಡಿ ಮೇಲು.

ಡಾಂಗಲ್‌ನ ಗುಣವೂ ಮುಖ್ಯ. ಪ್ರಸಿದ್ಧ ಸಿಎಸ್‌ಆರ್ ಚಿಪ್‌ನ ನಕಲುಗಳು ಎಷ್ಟು ಹಬ್ಬಿವೆಯೆಂದರೆ, ಅವುಗಳನ್ನು ಗುರುತಿಸಿ ಸಂಭಾಳಿಸಲೆಂದೇ ಲಿನಕ್ಸ್ ತಿರುಳಿನಲ್ಲಿ ಪ್ರತ್ಯೇಕ ಸಾಲುಗಳಿವೆ. ಇನ್ನು ಎಲೆಕ್ಟ್ರಾನಿಕ್ ಸಿಟಿಯಂಥ ಪ್ರದೇಶದ ಉದ್ಯೋಗಿಗಳು ಮನೆಗೆ ತರುವ ಕಚೇರಿಯ ಲ್ಯಾಪ್‌ಟಾಪ್‌ಗಳಲ್ಲಿ ಭದ್ರತೆಯ ದೃಷ್ಟಿಯಿಂದ ಹೊಸ ಬ್ಲೂಟೂತ್ ಸಾಧನಗಳನ್ನು ತಡೆಹಿಡಿದಿರುವುದುಂಟು. ಅದು ದೋಷವಲ್ಲ, ಕಚೇರಿಯ ನಿಯಮ. ಅದನ್ನು ಮುರಿಯಲು ಯತ್ನಿಸಬಾರದು.

ಸಂಪರ್ಕವಿದ್ದೂ ಚಲನೆಯಿಲ್ಲದಿರುವುದು

ಗುಂಡಿಗಳು ಕೆಲಸ ಮಾಡಿ, ಕೈಯ ಚಲನೆ ಮಾತ್ರ ದಾಖಲಾಗದಿದ್ದರೆ ಬ್ಲೂಟೂತ್ ತನ್ನ ಪಾಲಿನ ಕೆಲಸ ಮುಗಿಸಿದೆ ಎಂದೇ ಅರ್ಥ. ಜೈರೋಸ್ಕೋಪಿನ ಮಾಹಿತಿಯನ್ನು ಓದಲು ಸ್ಟೀಮ್‌ನಂಥ ತಂತ್ರಾಂಶ ಅಥವಾ ಸೂಕ್ತ ಚಾಲಕ ಬೇಕು. ಲಿನಕ್ಸ್‌ಗೆ ಜಾಯ್-ಕಾನ್‌ನ ಚಾಲಕ ಸೇರಿದ್ದು 2022ರ 5.16ನೇ ತಿರುಳಿನಲ್ಲಿ. ವೀ ರಿಮೋಟ್‌ನಿಂದ ಪರದೆಯತ್ತ ಗುರಿಯಿಡಲು ಎರಡು ಅವಕೆಂಪು ಬೆಳಕಿನ ಬಿಂದುಗಳು ಅಗತ್ಯ. 'ಸೆನ್ಸರ್ ಬಾರ್' ಎಂಬ ಹೆಸರಿದ್ದರೂ ಆ ಪಟ್ಟಿ ಏನನ್ನೂ ಗ್ರಹಿಸುವುದಿಲ್ಲ, ಬರಿದೇ ಬೆಳಗುತ್ತದೆ. ಎರಡು ಮೋಂಬತ್ತಿಗಳೂ ಅದೇ ಕೆಲಸ ಮಾಡಬಲ್ಲವು. ಜಾನಿ ಚಂಗ್ ಲೀ 2007ರಲ್ಲಿ ಈ ಅವಕೆಂಪು ಕ್ಯಾಮೆರಾವನ್ನೇ ಬಳಸಿ ಅಗ್ಗದ ಸಂವಾದಿ ಬಿಳಿಹಲಗೆಯನ್ನು ತೋರಿಸಿದರು. ಅಂದಿನಿಂದ ಹಳೆಯ ರಿಮೋಟ್‌ಗಳಿಗೆ ತರಗತಿಗಳಲ್ಲೂ ವಿದ್ಯಾರ್ಥಿಗಳ ಪ್ರಯೋಗಗಳಲ್ಲೂ ಒಂದು ಎರಡನೆಯ ಬಾಳು ದೊರೆತಿದೆ.

ಕೈಬದಲಾದ ಸಾಧನಗಳು

ಬಳಸಿದ ನಿಯಂತ್ರಕವನ್ನು ಕೊಂಡಾಗ ಅದು ಹಿಂದಿನ ಮನೆಯ ಯಂತ್ರವನ್ನೇ ನೆನಪಿಟ್ಟುಕೊಂಡಿರುತ್ತದೆ. ಗುಂಡಿ ಒತ್ತಿದರೆ ದೀಪ ಮಿನುಗಿ ಆರುತ್ತದೆ. ಇದನ್ನು ಸತ್ತ ಸಾಧನವೆಂದು ಎಣಿಸಬಾರದು. ಡ್ಯುಯಲ್‌ಶಾಕ್ 4ರ ಹಿಂಬದಿಯ ಸಣ್ಣ ರಂಧ್ರದೊಳಗಿನ ಗುಂಡಿಯನ್ನು ಸೂಜಿಯಿಂದ ಕೆಲವು ಸೆಕೆಂಡು ಒತ್ತಿದರೆ ಹಳೆಯ ಪರಿಚಯ ಅಳಿಯುತ್ತದೆ. ವೀ ರಿಮೋಟ್‌ನಲ್ಲಿ ಬ್ಯಾಟರಿಯನ್ನು ಹೊಸದಾಗಿ ಹಾಕಿ ಕೆಂಪು ಗುಂಡಿಯಿಂದ ಆರಂಭಿಸಬೇಕು. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ 2005ರಿಂದ ಕೆಲಸ ಮಾಡುತ್ತಿರುವ ಇ-ಪರಿಸರದಂಥ ಅಧಿಕೃತ ಮರುಬಳಕೆ ಘಟಕಗಳಿಗೆ ಒಪ್ಪಿಸುವ ಮುನ್ನ ಇಷ್ಟನ್ನು ಪರೀಕ್ಷಿಸಬೇಕು. ಹೊಸ ಬ್ಯಾಟರಿ ಹಾಕಿದರೂ ಅಥವಾ ಒಳ್ಳೆಯ ತಂತಿಯಿಂದ ಚಾರ್ಜ್ ಮಾಡಿದರೂ ಯಾವ ದೀಪವೂ ಹೊತ್ತದಿದ್ದರೆ ಆಗ ದೋಷ ಯಂತ್ರಾಂಶದ್ದು.