ಡಾಕ್ಟರ ಪಕ್ಕದ ಕೈಗಳು

ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಒಬ್ಬ ಸರ್ಜನ್‌ಗೆ ಎರಡು ಮೇಜು. ಒಂದರ ಮೇಲೆ ಮಲಗಿದವರ ಪೊರೆ ತೆಗೆದು ಮಸೂರ ಕೂರಿಸುವಷ್ಟರಲ್ಲಿ ಇನ್ನೊಂದರ ಮೇಲೆ ಮುಂದಿನವರು ತಯಾರಾಗಿರುತ್ತಾರೆ. ಕಣ್ಣಿನ ಸುತ್ತ ಔಷಧ ಬಳಿದಾಗಿದೆ, ಮುಖಕ್ಕೆ ಬಟ್ಟೆ ಹೊದಿಸಿಯಾಗಿದೆ, ಉಪಕರಣಗಳ ತಟ್ಟೆ ತೆರೆದಿದೆ. ಸರ್ಜನ್ ಆ ಕಡೆ ಹೊರಳಿ ಮೈಕ್ರೋಸ್ಕೋಪನ್ನು ಎಳೆದುಕೊಂಡರೆ ಕೆಲಸ ಶುರು. ಗಂಟೆಗೆ ಆರೆಂಟು ಕಣ್ಣುಗಳು ಹೀಗೆ ಸಾಗುತ್ತವೆ. ನಮ್ಮ ದೇಶದ ಸಾಮಾನ್ಯ ಕಣ್ಣಿನ ಸರ್ಜನ್ ವರ್ಷಕ್ಕೆ ಕೆಲವು ನೂರು ಶಸ್ತ್ರಚಿಕಿತ್ಸೆ ಮಾಡಿದರೆ ಇಲ್ಲಿನವರು ಎರಡು ಸಾವಿರದ ಹತ್ತಿರ ಮಾಡುತ್ತಾರೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1993ರಲ್ಲೇ ಇದನ್ನು ಪಾಠವಾಗಿ ಬರೆದುಕೊಂಡಿತು. ಅಂದಿನಿಂದ ಅರವಿಂದ್ ಬಗ್ಗೆ ಬರೆಯುವವರೆಲ್ಲ ಈ ವೇಗವನ್ನೇ ಕೊಂಡಾಡುತ್ತ ಬಂದಿದ್ದಾರೆ. ನನ್ನ ಗಮನ ಹೋದದ್ದು ಆ ಎರಡು ಮೇಜುಗಳ ಪಕ್ಕ ನಿಂತ ಹುಡುಗಿಯರ ಕಡೆಗೆ.

ಆಸ್ಪತ್ರೆಯ ಕಡತದಲ್ಲಿ ಇವರು ಮಧ್ಯಮ ಹಂತದ ನೇತ್ರ ಸಿಬ್ಬಂದಿ. ರೋಗಿಗಳ ಬಾಯಲ್ಲಿ ಎಲ್ಲರೂ ಸಿಸ್ಟರ್. ಇಡೀ ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇವರೇ. ಹನ್ನೆರಡನೆಯ ತರಗತಿ ಮುಗಿಸಿ, ಹದಿನೇಳು ಹದಿನೆಂಟರ ಪ್ರಾಯದಲ್ಲಿ, ಬಹುಪಾಲು ಬೇಸಾಯದ ಮನೆಗಳಿಂದ ಬಂದವರು. ಆಯ್ಕೆಯ ದಿನ ಹುಡುಗಿಯ ಜೊತೆ ಅಪ್ಪ ಅಮ್ಮನನ್ನೂ ಕೂರಿಸಿ ಮಾತಾಡಿಸುತ್ತಾರೆ. ಅಂಕಪಟ್ಟಿಗಿಂತ ನಡವಳಿಕೆಗೆ, ವಯಸ್ಸಾದವರ ಜೊತೆ ತಾಳ್ಮೆಯಿಂದ ಇರಬಲ್ಲಳೇ ಎಂಬುದಕ್ಕೆ ಅಲ್ಲಿ ಬೆಲೆ ಹೆಚ್ಚು. ತರಬೇತಿ ಎರಡು ವರ್ಷ. ಶುಲ್ಕವಿಲ್ಲ, ಹಾಸ್ಟೆಲ್ ಉಂಟು, ತಿಂಗಳಿಗಿಷ್ಟು ಸ್ಟೈಪೆಂಡ್ ಉಂಟು. ಮೊದಲು ಎಲ್ಲರಿಗೂ ಕಣ್ಣಿನ ರಚನೆಯ ಪಾಠ, ಆಮೇಲೆ ಕವಲುಗಳು. ಕೆಲವರು ಹೊರರೋಗಿ ವಿಭಾಗಕ್ಕೆ, ಕೆಲವರು ಕನ್ನಡಕದ ನಂಬರು ನೋಡುವುದಕ್ಕೆ, ಕೆಲವರು ವಾರ್ಡಿಗೆ, ಕೆಲವರು ಥಿಯೇಟರಿಗೆ. ಒಂದು ಕವಲಿಗೆ ಹೋದವರು ಅದರಲ್ಲೇ ಪಳಗುತ್ತಾರೆ.

ಬೆಳಿಗ್ಗೆ ಹೊರರೋಗಿ ವಿಭಾಗಕ್ಕೆ ಬಂದವರು ಡಾಕ್ಟರನ್ನು ಕಾಣುವ ಮೊದಲು ಇವರಲ್ಲಿ ಹಲವರ ಕೈ ದಾಟುತ್ತಾರೆ. ಒಬ್ಬಳು ಅಕ್ಷರದ ಹಲಗೆ ಓದಿಸುತ್ತಾಳೆ. ಓದು ಬಾರದವರಿಗೆ ಇಂಗ್ಲಿಷ್ ‘ಇ’ಯ ಬಾಯಿ ಯಾವ ಕಡೆ ತೆರೆದಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಇನ್ನೊಬ್ಬಳು ಕಣ್ಣಿನ ಒತ್ತಡ ಅಳೆಯುತ್ತಾಳೆ, ಮತ್ತೊಬ್ಬಳು ರಕ್ತದೊತ್ತಡ, ಸಕ್ಕರೆ. ಪಾಪೆ ಅಗಲವಾಗಲು ಹನಿ ಹಾಕಿ, ಹತ್ತಿ ಕೊಟ್ಟು, ಕಣ್ಣು ಮುಚ್ಚಿಸಿ ಕೂರಿಸುವವಳು ಇನ್ನೊಬ್ಬಳು. ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಅಳತೆಯೆಲ್ಲ ಕಾಗದದ ಮೇಲಿರುತ್ತದೆ. ಡಾಕ್ಟರು ಮಾಡಬೇಕಾದದ್ದು ಡಾಕ್ಟರೇ ಮಾಡಬಲ್ಲ ಕೆಲಸ ಮಾತ್ರ.

ಥಿಯೇಟರಿನಲ್ಲಿ ಇಬ್ಬಗೆಯ ಸಿಸ್ಟರ್‌ಗಳು. ಕೈ ತೊಳೆದು ಗವಸು ತೊಟ್ಟು ಮೇಜಿಗೆ ಅಂಟಿಕೊಂಡವಳು ಉಪಕರಣ ಕೊಡುತ್ತಾಳೆ. ಓಡಾಡುವವಳು ಮಸೂರದ ಪೊಟ್ಟಣ ತಂದು, ಕೇಸ್‌ಶೀಟಿನ ಹೆಸರಿಗೂ ನಂಬರಿಗೂ ಹೊಂದಿಸಿ ನೋಡಿ ಬಿಚ್ಚುತ್ತಾಳೆ. ಮೇಜಿನವಳನ್ನು ಸ್ವಲ್ಪ ಹೊತ್ತು ಗಮನಿಸಬೇಕು. ಸರ್ಜನ್ ತಲೆ ಎತ್ತುವುದಿಲ್ಲ, ಏನೂ ಕೇಳುವುದಿಲ್ಲ. ಕೈ ಚಾಚಿದಾಗ ಆ ಗಳಿಗೆಗೆ ಬೇಕಾದ ಬ್ಲೇಡೋ ಚಿಮಟವೋ ಸರಿಯಾದ ದಿಕ್ಕಿಗೆ ತಿರುಗಿ ಬೆರಳ ನಡುವೆ ಕೂರುತ್ತದೆ. ಒಳ್ಳೆಯ ಗಾಯಕನ ಹಿಂದೆ ಕೂತ ತಂಬೂರಿಯಂತೆ ಅವಳು, ಇದ್ದಾಗ ಕಿವಿಗೆ ಬೀಳುವುದಿಲ್ಲ, ನಿಂತರೆ ಕಛೇರಿ ನಿಲ್ಲುತ್ತದೆ. ಅರೆಕ್ಷಣದ ಈ ಅಂದಾಜು ಸಾವಿರಾರು ಕಣ್ಣುಗಳ ಪಕ್ಕ ನಿಂತು ಬಂದದ್ದು, ಯಾವ ಪಠ್ಯವೂ ಕೊಡುವುದಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಸಮಾಲೋಚನೆಯ ಸಿಸ್ಟರ್ ಕೆಲಸ. ಪೊರೆ ಇದೆ, ಆಪರೇಷನ್ ಆಗಬೇಕು ಎಂದು ಡಾಕ್ಟರು ಬರೆದ ಚೀಟಿ ಹಿಡಿದು ಹಿರಿಯರೊಬ್ಬರು ಬಂದು ಕೂರುತ್ತಾರೆ. ಅವರ ಎದೆಯೊಳಗಿನ ಭಯ ಯಾವ ಚೀಟಿಯಲ್ಲೂ ಇರುವುದಿಲ್ಲ. ಕಣ್ಣುಗುಡ್ಡೆಯನ್ನು ಹೊರಗೆ ತೆಗೆದಿಟ್ಟು ತೊಳೆದು ಮತ್ತೆ ಇಡುತ್ತಾರೆ ಎಂಬ ಮಾತು ತಮಿಳುನಾಡಿನ ಹಳ್ಳಿಗೊಂದೇ ಸೇರಿದ್ದಲ್ಲ, ನಮ್ಮ ಕಡೆಯ ಜಗಲಿಗಳಲ್ಲೂ ಕೇಳಿದ್ದೇವೆ. ಪೊರೆ ಇನ್ನೂ ಬಲಿಯಲಿ ಎಂದು ವರ್ಷಗಟ್ಟಲೆ ಕಾದವರಿದ್ದಾರೆ. ಸಿಸ್ಟರ್ ಪ್ಲಾಸ್ಟಿಕ್ಕಿನ ಕಣ್ಣಿನ ಮಾದರಿಯನ್ನು ಬಿಡಿಸಿ ತೋರಿಸುತ್ತಾಳೆ. ಮಸೂರ ಎಷ್ಟು ಚಿಕ್ಕದು, ಎಲ್ಲಿ ಕೂರುತ್ತದೆ, ಮಲಗಿದಾಗ ಏನು ಗೊತ್ತಾಗುತ್ತದೆ, ತಲೆಗೆ ನೀರು ಹಾಕಿಕೊಳ್ಳುವುದು ಯಾವಾಗ, ಹೊಲಕ್ಕೆ ಹೋಗುವುದು ಯಾವಾಗ. ದುಡ್ಡಿನ ಮಾತೂ ಇಲ್ಲೇ, ಬಡತನವನ್ನು ಸಾಬೀತು ಮಾಡಿ ಎಂದು ಯಾರನ್ನೂ ಕುಗ್ಗಿಸದಂತೆ ನಡೆಯುತ್ತದೆ. ಎದುರಿಗೆ ಕುಳಿತವಳು ತಮ್ಮ ಮೊಮ್ಮಗಳ ವಯಸ್ಸಿನವಳು, ತಮ್ಮದೇ ಸೀಮೆಯ ತಮಿಳು ಆಡುವವಳು. ದೊಡ್ಡ ಡಾಕ್ಟರ ಮುಂದೆ ತಲೆಯಾಡಿಸಿ ಎದ್ದುಬಂದ ಅಜ್ಜಿ ಇಲ್ಲಿ ಬಾಯಿ ಬಿಟ್ಟು ಕೇಳುತ್ತಾಳೆ. ಶುಶ್ರೂಷೆಯ ಗುಣಮಟ್ಟ ಎಂದರೆ ನಾವು ಯಂತ್ರಗಳನ್ನು, ನೆಲದ ಹೊಳಪನ್ನು ಎಣಿಸುತ್ತೇವೆ. ಹೆದರಿದ ರೋಗಿಗೆ ಪ್ರಶ್ನೆ ಕೇಳುವ ಧೈರ್ಯ ಬರುವುದನ್ನು ಮೊದಲು ಎಣಿಸಬೇಕು.

ಸಂಸ್ಥೆಯ ಕಥೆ ಹಲವರಿಗೆ ಗೊತ್ತಿರುವಂಥದು. ಎಟ್ಟಯಪುರಂ ಬಳಿಯ ವಡಮಲಾಪುರದಲ್ಲಿ 1918ರಲ್ಲಿ ಹುಟ್ಟಿದ ಗೋವಿಂದಪ್ಪ ವೆಂಕಟಸ್ವಾಮಿ ಹೆರಿಗೆ ವೈದ್ಯರಾಗಬೇಕೆಂದಿದ್ದವರು. ಮೂವತ್ತರ ಆಸುಪಾಸಿನಲ್ಲಿ ಸಂಧಿವಾತ ಬಡಿದು ಬೆರಳುಗಳು ಶಾಶ್ವತವಾಗಿ ತಿರುಚಿಕೊಂಡವು. ಆ ಬೆರಳುಗಳಲ್ಲೇ ಕತ್ತಿ ಹಿಡಿಯುವುದನ್ನು ಹೊಸದಾಗಿ ಕಲಿತು ಕಣ್ಣಿನ ಸರ್ಜನ್ ಆದರು, ಒಂದು ಲಕ್ಷಕ್ಕೂ ಮೀರಿ ಶಸ್ತ್ರಚಿಕಿತ್ಸೆ ಮಾಡಿದರು. 1976ರಲ್ಲಿ, 58ನೇ ವಯಸ್ಸಿಗೆ ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ ಮದುರೈನಲ್ಲಿ 11 ಹಾಸಿಗೆಗಳ ಆಸ್ಪತ್ರೆ ತೆರೆದರು. ಒಡಹುಟ್ಟಿದವರೆಲ್ಲ ಜೊತೆ ನಿಂತರು. ಕೊಡಬಲ್ಲವರಿಂದ ಹಣ ಪಡೆದು, ಆಗದವರಿಗೆ ಉಚಿತವಾಗಿಯೋ ತೀರಾ ಕಡಿಮೆಗೋ ಮಾಡುವ ಪದ್ಧತಿ ಅಂದಿನಿಂದಲೂ ಇದೆ. ವಿದೇಶಿ ಮಸೂರ ತುಟ್ಟಿಯಾದಾಗ 1992ರಲ್ಲಿ ಆರೋಲ್ಯಾಬ್ ಕಟ್ಟಿ ತಾವೇ ಮಸೂರ ತಯಾರಿಸಿದರು. ಸಿಸ್ಟರ್‌ಗಳ ಪಡೆಯನ್ನು ರೂಪಿಸಿದವರು ಮಾತ್ರ ಅವರ ತಂಗಿ ಡಾ. ಜಿ. ನಾಚಿಯಾರ್. ವೆಂಕಟಸ್ವಾಮಿ 2006ರಲ್ಲಿ ತೀರಿಕೊಂಡರು. ಬರ್ಗರನ್ನು ಎಲ್ಲೆಡೆ ಒಂದೇ ಸಮನಾಗಿ ಕೊಡಬಹುದಾದರೆ ದೃಷ್ಟಿಯನ್ನೇಕೆ ಕೊಡಲಾಗದು ಎಂಬ ಅವರ ಯೋಚನೆ ಜಗತ್ತೆಲ್ಲ ಸುತ್ತಿತು. ತಂಗಿ ಹಳ್ಳಿಯ ಹುಡುಗಿಯರನ್ನು ಕೂರಿಸಿಕೊಂಡು ಕಲಿಸಿದ್ದು ಅಷ್ಟು ಸುತ್ತಲಿಲ್ಲ.

ಕನ್ನಡಿಗರಿಗೆ ಇಲ್ಲಿ ಬೀಳಗಿಯ ಡಾ. ಎಂ.ಸಿ. ಮೋದಿ ನೆನಪಾಗದೆ ಇರುವುದಿಲ್ಲ. ಊರೂರಿಗೆ ಹೋಗಿ ಶಿಬಿರ ಹೂಡಿ, ಶಾಲೆಯ ಕೋಣೆಗಳಲ್ಲಿ ಪೊರೆ ತೆಗೆದ ಪುಣ್ಯಾತ್ಮ. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. ಆಗ ಒಳಗೆ ಮಸೂರ ಕೂರಿಸುವ ಪದ್ಧತಿ ಇರಲಿಲ್ಲ. ದಿನಗಟ್ಟಲೆ ಅಲುಗಾಡದೆ ಮಲಗಿ, ಆಮೇಲೆ ಸೋಡಾಗ್ಲಾಸಿನಂಥ ದಪ್ಪ ಕನ್ನಡಕ ಹಾಕಿಕೊಂಡು ಊರಿಗೆ ಮರಳಿದ ಅಜ್ಜ ಅಜ್ಜಿಯರು ನಮ್ಮೆಲ್ಲರ ಮನೆಯಲ್ಲಿದ್ದರು. ಆ ಶಿಬಿರಗಳಲ್ಲಿ ರಾತ್ರಿಯಿಡೀ ಪಟ್ಟಿ ಕಟ್ಟಿದವರು, ಹನಿ ಹಾಕಿದವರು, ಕೈ ಹಿಡಿದು ಬಯಲಿಗೆ ಕರೆದೊಯ್ದವರು ಯಾರು? ಮೋದಿಯವರಿಗೆ ಪದ್ಮಭೂಷಣ ಬಂತು, ಸಲ್ಲಲೇಬೇಕಾದದ್ದು ಅದು. ಉಳಿದವರನ್ನು ಯಾರೂ ಬರೆದಿಡಲಿಲ್ಲವಲ್ಲ ಎಂಬ ಸಂಕಟ ನನ್ನದು.

ಶಿಬಿರ ಒಂದೇ ಸಾಲದು ಎಂಬುದನ್ನು, ತಾನೂ ಶಿಬಿರ ನಡೆಸುತ್ತಿದ್ದ ಮದುರೈನ ಆಸ್ಪತ್ರೆ ಕಂಡುಕೊಂಡಿತು. ಕಣ್ಣಿನ ತೊಂದರೆ ಇದ್ದ ಹಳ್ಳಿಗರಲ್ಲಿ ಶಿಬಿರಕ್ಕೆ ಬರುವವರು ಶೇ 7ರಷ್ಟು ಮಾತ್ರ ಎಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಶಿಬಿರಕ್ಕೆ ಬಂದವರನ್ನು ಬಸ್ಸಿನಲ್ಲಿ ಕರೆದೊಯ್ದು, ಊಟ ಹಾಕಿ, ಆಪರೇಷನ್ ಮಾಡಿ ಊರಿಗೆ ಬಿಟ್ಟರೂ ನೂರರಲ್ಲಿ ಉಳಿದ 93 ಮಂದಿ ಮನೆಯಲ್ಲೇ ಕೂತಿದ್ದರು. ಹಾಗಾಗಿ ಸಣ್ಣ ಊರುಗಳಲ್ಲೇ ದೃಷ್ಟಿ ಕೇಂದ್ರಗಳು ತೆರೆದವು. ಅಲ್ಲಿ ಡಾಕ್ಟರಿಲ್ಲ. ಸಿಸ್ಟರ್ ಕಣ್ಣು ಪರೀಕ್ಷಿಸಿ ಚಿತ್ರ ಕಳಿಸುತ್ತಾಳೆ, ಡಾಕ್ಟರು ದೂರದ ಆಸ್ಪತ್ರೆಯಿಂದ ಪರದೆಯ ಮೇಲೆ ಮಾತಾಡುತ್ತಾರೆ. ವರ್ಷವಿಡೀ ಬಾಗಿಲು ತೆರೆದಿರುವ ಆ ಪುಟ್ಟ ಕೋಣೆಗೆ ಅವಳೇ ಆಸ್ಪತ್ರೆ.

ಇಷ್ಟು ವೇಗದಲ್ಲಿ ಸೋಂಕು ತಗಲುವುದಿಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಇಲ್ಲಿನ ಆರು ಲಕ್ಷಕ್ಕೂ ಹೆಚ್ಚು ಪೊರೆ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದ 2017ರ ಅಧ್ಯಯನದಲ್ಲಿ ಕಣ್ಣೊಳಗಿನ ಸೋಂಕು ಶೇ 0.07 ಇತ್ತು. ಶಸ್ತ್ರಚಿಕಿತ್ಸೆಯ ಕೊನೆಗೆ ಕಣ್ಣಿನೊಳಗೇ ಆ್ಯಂಟಿಬಯಾಟಿಕ್ ಕೊಡತೊಡಗಿದ ಮೇಲೆ ಅದು ಶೇ 0.02ಕ್ಕೆ ಇಳಿಯಿತು. ಜಗತ್ತಿನಲ್ಲಿ ಎಲ್ಲೇ ಆದರೂ ತಲೆ ಎತ್ತಿ ಹೇಳಬಹುದಾದ ಅಂಕಿ ಇದು. ಸೋಂಕುರಹಿತಗೊಳಿಸಿದ ಉಪಕರಣ, ತೊಳೆದ ಕೈ, ತಪ್ಪದೆ ತುಂಬಿದ ದಾಖಲೆ ಇಲ್ಲದೆ ಇಂಥ ಲೆಕ್ಕ ಹುಟ್ಟುವುದಿಲ್ಲ.

ನಮ್ಮ ರಾಜ್ಯದಲ್ಲೂ ‘ಆಶಾಕಿರಣ’ದ ಹೆಸರಿನಲ್ಲಿ ದೃಷ್ಟಿ ಕೇಂದ್ರಗಳು ಬಂದಿವೆ. ಸಂತೋಷ. ಯಂತ್ರ ಕೊಳ್ಳಬಹುದು, ಕೋಣೆಗೆ ಬಣ್ಣ ಹೊಡೆಸಬಹುದು. ಪಿಯುಸಿ ಮುಗಿಸಿ, ಮುಂದೆ ಓದಿಸುವ ಶಕ್ತಿ ಮನೆಗಿಲ್ಲದೆ ಕೂತಿರುವ ಹುಡುಗಿಯರು ಬಾಗಲಕೋಟೆಯಲ್ಲಿ, ರಾಯಚೂರಿನಲ್ಲಿ, ಚಾಮರಾಜನಗರದಲ್ಲಿ ಎಷ್ಟಿಲ್ಲ? ಅವರನ್ನು ಹೀಗೆ ಕರೆದು, ಊಟ ವಸತಿ ಕೊಟ್ಟು, ಎರಡು ವರ್ಷ ಕೂರಿಸಿ ಕಲಿಸುವ ಕೆಲಸ ಅಲ್ಲೊಂದು ಇಲ್ಲೊಂದು ಸಂಸ್ಥೆಗೆ ಬಿಡುವಂಥದಲ್ಲ.

ಮದುರೈನ ಸಿಸ್ಟರ್‌ಗಳಿಗೂ ಎಲ್ಲವೂ ಸಲೀಸಾಗಿಲ್ಲ. ಸಂಬಳ ದೊಡ್ಡದಲ್ಲ, ದುಡಿಮೆ ಬೆಳಗಿನ ಜಾವಕ್ಕೇ ಶುರು. ಐದಾರು ವರ್ಷ ದುಡಿದು ಕೈ ಪಳಗುವ ಹೊತ್ತಿಗೆ ಮನೆಯಿಂದ ಮದುವೆಯ ಮಾತು ಬರುತ್ತದೆ. ಕೂಡಿಟ್ಟ ಹಣದಲ್ಲಿ ತಮ್ಮನ ಓದು, ತನ್ನದೇ ಮದುವೆಯ ಖರ್ಚು ನಡೆದಿರುತ್ತದೆ. ಹಲವರು ಗಂಡನ ಊರು ಸೇರುತ್ತಾರೆ, ಅಲ್ಲಿ ಕಣ್ಣಿನ ಆಸ್ಪತ್ರೆ ಇರುವುದಿಲ್ಲ. ತೆರವಾದ ಜಾಗಕ್ಕೆ ಹೊಸ ತಂಡ ಬರುತ್ತದೆ, ಮೊದಲ ಪಾಠದಿಂದ ಎಲ್ಲ ಮತ್ತೆ ಶುರುವಾಗುತ್ತದೆ. ಹೋದವಳ ಊರಿಗೆ ಹತ್ತಿರದ ಯಾವುದಾದರೂ ದೃಷ್ಟಿ ಕೇಂದ್ರದಲ್ಲಿ, ಮಗು ಶಾಲೆಗೆ ಹೋಗುವಷ್ಟು ದೊಡ್ಡದಾದ ಮೇಲಾದರೂ, ಅವಳಿಗೊಂದು ಕುರ್ಚಿ ಖಾಲಿ ಇರಲಿ ಎಂಬುದು ನನ್ನ ಆಸೆ.