ಟಿವಿಗೆ ಕಂಪ್ಯೂಟರ್ ಜೋಡಿಸಿ ಗೇಮ್ ಆಡಿದರೆ ಸಾಕೇ, ಕನ್ಸೋಲ್ ಬೇಕೇ? ಕುರ್ಲಾದ ಸಣ್ಣ ಮನೆಯ ಲೆಕ್ಕಾಚಾರ

ಮುಂಬೈ: ಮುಂಬೈನ ಕೊಳೆಗೇರಿ ಪುನರ್ವಸತಿ ಯೋಜನೆಯಲ್ಲಿ ಈಗ ಒಂದು ಕುಟುಂಬಕ್ಕೆ ಸಿಗುವ ಮನೆ 300 ಚದರ ಅಡಿ. ಕುರ್ಲಾದ ಹಳೆಯ ಚಾಳುಗಳಲ್ಲಿ ಜಾಗ ಇನ್ನೂ ಕಡಿಮೆ. ಹಾಲ್, ಮಲಗುವ ಕೋಣೆ, ಮಕ್ಕಳು ಓದುವ ಜಾಗ ಎಲ್ಲವೂ ಒಂದೇ. ಇಂಥ ಮನೆಯಲ್ಲಿ ಮಗ ಗೇಮ್ ಕನ್ಸೋಲ್ ಕೇಳಿದರೆ, "ಇರುವ ಕಂಪ್ಯೂಟರನ್ನೇ ಟಿವಿಗೆ ಜೋಡಿಸಬಾರದೇ?" ಎಂದು ಅಪ್ಪ ಕೇಳುವುದು ಸಹಜ.

ಜೋಡಿಸಬಹುದು. ಒಂದು ಎಚ್‌ಡಿಎಂಐ ಕೇಬಲ್ ಸಾಕು. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ.

ಯಾವ ಕಂಪ್ಯೂಟರ್ ಎಂಬುದೇ ಪ್ರಶ್ನೆ

2020ರ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ತರಗತಿಗೆಂದು ಕೊಂಡ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅವುಗಳಲ್ಲಿ ಹಳೆಯ ಅಥವಾ ಹಗುರವಾದ ಗೇಮ್‌ಗಳು ಓಡುತ್ತವೆ, ಹೊಸ ದೊಡ್ಡ ಗೇಮ್‌ಗಳು ತಿಣುಕುತ್ತವೆ. ಕಾರ್ಡ್ ಇದ್ದರೆ ಕೇಬಲನ್ನು ಅದರ ಪೋರ್ಟ್‌ಗೇ ಚುಚ್ಚಬೇಕು. ಮದರ್‌ಬೋರ್ಡ್‌ನ ಪೋರ್ಟ್‌ಗೆ ಚುಚ್ಚಿ, "ಕಾರ್ಡ್ ಹಾಕಿಸಿದರೂ ವೇಗ ಬರಲಿಲ್ಲ" ಎನ್ನುವವರು ಕಡಿಮೆಯೇನಿಲ್ಲ!

ಸೋನಿಯ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರುವರಿ 2ರಂದು. ಡಿಸ್ಕ್ ಆವೃತ್ತಿಯ ಬೆಲೆ ಆಗ 49,990 ರೂಪಾಯಿ, ನಂತರ 54,990ಕ್ಕೆ ಏರಿತು. ಹಳೆಯದಾದಂತೆ ಕನ್ಸೋಲ್ ಅಗ್ಗವಾಗುತ್ತದೆ ಎಂದು ಕಾದವರಿಗೆ ನಿರಾಸೆಯೇ ಆಯಿತು. ಹಾಗಿದ್ದರೂ ಕಂಪ್ಯೂಟರ್ ಇಲ್ಲದ ಮನೆಯಲ್ಲಿ ಇಷ್ಟೇ ಹಣಕ್ಕೆ ಇಷ್ಟೇ ಸಾಮರ್ಥ್ಯದ ಪಿಸಿ ಕಟ್ಟಿಸುವುದು ಕಷ್ಟ.

ಬಟನ್ ಒತ್ತಿದ ಮೇಲೆ ಬ್ಯಾಟ್ ಬೀಸಿದರೆ?

ಟಿವಿಗಳು ಚಿತ್ರವನ್ನು ಚೆಂದಗೊಳಿಸಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತವೆ. ಸಿನಿಮಾ ನೋಡುವಾಗ ಇದು ಗೊತ್ತಾಗದು. ಗೇಮ್‌ನಲ್ಲಿ ಹಾಗಲ್ಲ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್. ಟಿವಿ 100 ಮಿಲಿಸೆಕೆಂಡ್ ತಡಮಾಡಿದರೆ ಆಟ ಆರು ಫ್ರೇಮ್ ಹಿಂದೆ. ಚೆಂಡು ವಿಕೆಟ್‌ಗೆ ಬಡಿದ ಮೇಲೆ ಬ್ಯಾಟ್ ಬೀಸಿದಂತೆ! ಟಿವಿಯಲ್ಲಿ 'ಗೇಮ್ ಮೋಡ್' ಆನ್ ಮಾಡುವುದು ಇದಕ್ಕೆ ಪರಿಹಾರ. ಹೊಸ ಟಿವಿಗಳಲ್ಲಿ ಕನ್ಸೋಲ್ ಜೋಡಿಸಿದರೆ ಇದು ತಾನೇ ಆನ್ ಆಗುವುದುಂಟು. ಪಿಸಿ ಜೋಡಿಸಿದಾಗ ಹೆಚ್ಚಾಗಿ ನಾವೇ ಹುಡುಕಬೇಕು.

ಕೊಂಡ ಮೇಲಿನ ಖರ್ಚು

ಪಿಸಿಯಲ್ಲಿ ಆನ್‌ಲೈನ್ ಆಡಲು ತಿಂಗಳ ಶುಲ್ಕವಿಲ್ಲ. ಪ್ಲೇಸ್ಟೇಷನ್‌ನಲ್ಲಿ ಉಚಿತ ಗೇಮ್‌ಗಳನ್ನು ಬಿಟ್ಟರೆ ಉಳಿದವಕ್ಕೆ ಚಂದಾ ಬೇಕು. ಪಿಸಿಯ ಒಂದು ಭಾಗ ಕೆಟ್ಟರೆ ದಾದರ್‌ನಲ್ಲಿ ರೈಲು ಬದಲಿಸಿ ಗ್ರಾಂಟ್ ರೋಡ್‌ನಲ್ಲಿಳಿದು, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅದೊಂದನ್ನೇ ಕೊಂಡು ತರಬಹುದು. ಆದರೆ ಆಡಿ ಮುಗಿಸಿದ ಡಿಸ್ಕನ್ನು ಮಾರಿ ಮತ್ತೊಂದನ್ನು ಕೊಳ್ಳುವ ಸೌಲಭ್ಯ ಇರುವುದು ಕನ್ಸೋಲ್‌ನವರಿಗೆ ಮಾತ್ರ. ಸ್ಟೀಮ್‌ನಂಥ ತಾಣದಲ್ಲಿ ಕೊಂಡ ಗೇಮ್ ಖಾತೆಗೆ ಅಂಟಿಕೊಂಡಿರುತ್ತದೆ, ಮಾರುವಂತಿಲ್ಲ. ಸುಮಾರು 2 ಕೆ.ಜಿ. ತೂಗುವ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಆದರೆ ರಜೆಯಲ್ಲಿ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮತ್ಸ್ಯಗಂಧ ಹತ್ತಿ ಊರಿಗೂ ಬರುತ್ತದೆ. ಡೆಸ್ಕ್‌ಟಾಪ್ ಬರುವುದಿಲ್ಲ.

ಒಂದೇ ಪರದೆ, ಮೂವರು

ನಿಜವಾದ ತೊಡಕು ಮನೆಯೊಳಗಿನದು. ಮಾನಿಟರ್ ಮಾರಿ ಪಿಸಿಯನ್ನು ಟಿವಿಗೇ ಕಟ್ಟಿಹಾಕಿದರೆ, ಅಜ್ಜಿಯ ಧಾರಾವಾಹಿ, ಮಗಳ ಪ್ರಾಜೆಕ್ಟ್, ಮಗನ ಗೇಮ್ ಮೂರಕ್ಕೂ ಅದೊಂದೇ ಪರದೆ. ಓದಿಗೆಂದು ತಂದ ಯಂತ್ರ ಸಂಜೆ ಓದಿಗೇ ಸಿಗದು. ಆದ್ದರಿಂದ ಹಳೆಯ ಮಾನಿಟರ್ ಮಾರದಿರುವುದೇ ಒಳ್ಳೆಯದು.

ಆಂಡ್ರಾಯ್ಡ್ ಟಿವಿ ಇದ್ದರೆ 'ಸ್ಟೀಮ್ ಲಿಂಕ್' ಎಂಬ ಉಚಿತ ಆ್ಯಪ್ ಇದೆ. ಪಿಸಿ ಮೇಜಿನ ಮೇಲೇ ಇರುತ್ತದೆ, ಗೇಮ್ ಮನೆಯ ವೈಫೈ ಮೂಲಕ ಟಿವಿಗೆ ಬರುತ್ತದೆ. ಅಕ್ಕಪಕ್ಕದ ಹತ್ತಾರು ರೂಟರ್‌ಗಳ ನಡುವೆ ಚಿತ್ರ ತಡವರಿಸಿದರೆ, ರೂಟರ್‌ನಿಂದ ಪಿಸಿಗೆ ಒಂದು ಲ್ಯಾನ್ ಕೇಬಲ್ ಎಳೆದು ನೋಡಬೇಕು. 300 ಚದರ ಅಡಿಯ ಮನೆಯಲ್ಲಿ ಅದಕ್ಕೆ ಉದ್ದದ ಕೇಬಲ್ಲೂ ಬೇಕಿಲ್ಲ.