ಕುರ್ಡುವಾಡಿ: ಎರಡು ಹಳಿ ಕೂಡಿದ ಊರು

ಪುಣೆಯಿಂದ ಸೊಲ್ಲಾಪುರದ ಮೂಲಕ ಕಲಬುರಗಿಗೋ ರಾಯಚೂರಿಗೋ ರೈಲು ಹತ್ತುವ ನಮ್ಮಂಥವರಿಗೆ ಕುರ್ಡುವಾಡಿ ಎಂದರೆ ದಾರಿಯಲ್ಲಿ ಬರುವ ಒಂದು ಸ್ಟೇಷನ್, ಅಷ್ಟೇ. ಆದರೆ ರೈಲ್ವೆ ಇತಿಹಾಸದಲ್ಲಿ ಈ ಪುಟ್ಟ ಊರಿನ ಹೆಸರು ದೊಡ್ಡದು.

ಹತ್ತಿರದ ಬಾರ್ಶಿ ಹತ್ತಿ ವ್ಯಾಪಾರದ ಪೇಟೆ. ಮುಖ್ಯ ರೈಲುಮಾರ್ಗ ಮಾತ್ರ ಅದನ್ನು ಮುಟ್ಟದೆ ಕುರ್ಡುವಾಡಿಯಲ್ಲಿ ಹಾದುಹೋಗಿತ್ತು. ಬ್ರಿಟಿಷ್ ಎಂಜಿನಿಯರ್ ಎವರಾರ್ಡ್ ಕ್ಯಾಲ್ತ್ರಾಪ್ ಈ ಎರಡೂರುಗಳ ನಡುವೆ 1897ರಲ್ಲಿ ಎರಡೂವರೆ ಅಡಿ ಅಗಲದ ಬಾರ್ಶಿ ಲೈಟ್ ರೈಲ್ವೆ ಓಡಿಸಿದರು. ಯಾವ ಅಚ್ಚಿನ ಮೇಲೂ 5 ಟನ್‌ಗಿಂತ ಹೆಚ್ಚು ಭಾರ ಬೀಳದಂತೆ ಎಂಜಿನ್, ವ್ಯಾಗನ್‌ಗಳನ್ನು ರೂಪಿಸಿದ್ದು ಅವರ ಜಾಣತನ. ಹೀಗಾಗಿ ಹಗುರ ಹಳಿ ಸಾಕಾಯಿತು, ಖರ್ಚೂ ಇಳಿಯಿತು. ಈ ಮಾರ್ಗ 1911ರಲ್ಲಿ ಲಾತೂರ್ ಮುಟ್ಟಿತು. ಇನ್ನೊಂದು ಕಡೆ ಪಂಢರಪುರ ದಾಟಿ 1927ರಲ್ಲಿ ಮಿರಜ್ ಸೇರಿತು.

ನಮ್ಮವರಿಗೂ ಈ ರೈಲಿನ ನಂಟಿದೆ. ವಿಠ್ಠಲನ ದರ್ಶನಕ್ಕೆ ರೈಲಿನಲ್ಲಿ ಹೊರಟ ಬೆಳಗಾವಿ ಕಡೆಯವರು ಮಿರಜ್‌ನಲ್ಲಿ, ಕಲಬುರಗಿ ಕಡೆಯವರು ಕುರ್ಡುವಾಡಿಯಲ್ಲಿ ಇಳಿದು ಈ ಸಣ್ಣ ಗಾಡಿ ಹತ್ತಬೇಕಿತ್ತು.

ಒಂದು ಗೇಜಿನ ಡಬ್ಬಿ ಇನ್ನೊಂದರ ಹಳಿ ಮೇಲೆ ಓಡದು. ಆದ್ದರಿಂದ ಕುರ್ಡುವಾಡಿಯಲ್ಲಿ ಸರಕನ್ನೆಲ್ಲ ಇಳಿಸಿ ಮತ್ತೆ ಹೇರಬೇಕು. ಹಮಾಲರಿಗೆ ಅದೇ ಅನ್ನ. ಸಣ್ಣ ರೈಲಿನ ರಿಪೇರಿಗೆಂದು ಇಲ್ಲೇ ವರ್ಕ್‌ಶಾಪ್ ಬೆಳೆಯಿತು. ಫಿಟ್ಟರ್, ಕಮ್ಮಾರ, ಬಡಗಿಗಳ ಮನೆಗಳು ಅದರ ಸಂಬಳದ ಮೇಲೆ ನಡೆದವು.

1954ರಲ್ಲಿ ಸರ್ಕಾರ ಕಂಪನಿಯನ್ನು ವಹಿಸಿಕೊಂಡಿತು. 2010ರ ಹೊತ್ತಿಗೆ ಮಾರ್ಗವೆಲ್ಲ ಬ್ರಾಡ್‌ಗೇಜ್ ಆಯಿತು. ಇಳಿಸಿ ಹೇರುವ ಕೆಲಸಕ್ಕೆ ಅರ್ಥವೇ ಉಳಿಯಲಿಲ್ಲ. ಸಣ್ಣ ರೈಲನ್ನು ನೆನೆದು ಮರುಗುವವರು ಇಂದಿಗೂ ಇದ್ದಾರೆ.

ಆದರೆ 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಬರದಿಂದ ಬಾಯಾರಿದ ಲಾತೂರಿಗೆ ಮಿರಜ್‌ನಿಂದ ನೀರಿನ ರೈಲು ಹೊರಟಿತು. ದೂರ 342 ಕಿ.ಮೀ., ಮೊದಲ ಗಾಡಿಯಲ್ಲಿ 5 ಲಕ್ಷ ಲೀಟರ್. ಅದು ಹೋದದ್ದು ಪಂಢರಪುರ, ಕುರ್ಡುವಾಡಿ ಹಾದು, ಇದೇ ಮಾರ್ಗದಲ್ಲಿ. ಹಳೆಯ ಕಿರುಹಳಿ ಉಳಿದಿದ್ದರೆ ಆ ದೊಡ್ಡ ಟ್ಯಾಂಕರ್ ವ್ಯಾಗನ್‌ಗಳು ಈ ದಾರಿಯಲ್ಲಿ ಹೋಗುವಂತೆಯೇ ಇರಲಿಲ್ಲ. ಹಮಾಲರ ಕೆಲಸ ಕಸಿದ ಹಳಿಯೇ ಒಂದು ನಗರದ ಬಾಯಿಗೆ ನೀರು ತಂದಿತು. ಎರಡೂ ನಿಜ.

ವರ್ಕ್‌ಶಾಪ್ ಮಾತ್ರ ಮುಚ್ಚಲಿಲ್ಲ. ಮಧ್ಯ ರೈಲ್ವೆಯ ಅಪ್ರೆಂಟಿಸ್ ಭರ್ತಿಯ ಪ್ರಕಟಣೆಯಲ್ಲಿ ಕುರ್ಡುವಾಡಿಯ ಹೆಸರು ಈಗಲೂ ಬರುತ್ತದೆ. ಐಟಿಐ ಮುಗಿಸಿದ ಹುಡುಗರು ಅದನ್ನು ಹುಡುಕಿ ಓದುತ್ತಾರೆ.